ಹಂಪ್ ಮೇಡಂ ಮತ್ತು ಒರಿಜಿನಲ್

ಸವೆದ ಬ್ರೇಕ್ ಪ್ಯಾಡನ್ನು ಅವಳು ಕೌಂಟರಿನ ಗಾಜಿನ ಮೇಲೆ ಕುಕ್ಕಿದಳು. ಗಾಜು ಒಡೆಯಲಿಲ್ಲ. ಒಡೆದಿದ್ದರೂ ಅವಳಿಗೆ ಬೇಸರವೇನೂ ಆಗುತ್ತಿರಲಿಲ್ಲ. ಅಷ್ಟು ಹೊಳೆಯುವ ಗಾಜಿನ ಹಿಂದೆ ನಿಂತು ವ್ಯಾಪಾರ ಮಾಡುವವರೆಂದರೆ ಅವಳಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ.

ಅದು ಕಾರು ಕಂಪನಿಯ ಶೋರೂಮಿನ ಹಿಂಬದಿಯಲ್ಲಿದ್ದ ಬಿಡಿಭಾಗಗಳ ಕೌಂಟರು. ಆಚೆ ಬದಿಯಲ್ಲಿ ನಿಂತಿದ್ದವನು ಇಸ್ತ್ರಿ ಹೊಡೆದ ಬಿಳಿ ಅಂಗಿ ತೊಟ್ಟಿದ್ದ. ಗ್ರೀಸು, ಎಣ್ಣೆ, ಕಬ್ಬಿಣದ ನಡುವೆ ದಿನವಿಡೀ ನಿಂತೂ ಅಂಗಿಯನ್ನು ಅಷ್ಟು ಬೆಳ್ಳಗೆ ಉಳಿಸಿಕೊಂಡವನು ಮೈ ಬಗ್ಗಿಸುವ ಪೈಕಿ ಅಲ್ಲ ಎಂದು ಅವಳು ನಿಂತ ನಿಲುವಿನಲ್ಲೇ ತೀರ್ಮಾನಿಸಿದಳು.

“ಇದೇ ಥರದ್ದು, ಮುಂದಿನ ಚಕ್ರಕ್ಕೆ. ರೇಟ್ ಹೇಳಿ.”

ಅವನು ರೇಟು ಹೇಳಲಿಲ್ಲ. ಪ್ಯಾಡನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, ಊಟದ ತಟ್ಟೆಯಲ್ಲಿ ಸಿಕ್ಕ ಕೂದಲನ್ನು ನೋಡುವಂತೆ ನೋಡಿದ.

“ಇದು ನಮ್ಮದಲ್ಲ.”

“ನಿಮ್ಮದು ಅಂತ ಯಾರಂದ್ರು? ನಂದು.”

“ಒರಿಜಿನಲ್ ಅಲ್ಲ ಅಂದೆ. ಹೊರಗಿನ ಮಾಲು. ಇದರ ಮೇಲೆ ಮಾಡಿದವರ ಹೆಸರೂ ಇಲ್ಲ ನೋಡಿ. ಹೆತ್ತವರೇ ಹೆಸರಿಡೋಕೆ ನಾಚಿಕೊಂಡಿದ್ದಾರೆ.”

“ರೇಟ್ ಕೇಳಿದೆ. ವಂಶಾವಳಿ ಕೇಳಲಿಲ್ಲ.”

ಆಗ ಹೇಳಿದ. ಅವಳು ಮೂಗಿನಲ್ಲೇ ನಕ್ಕಳು. “ಬೇರೆ ಕಡೆ ಇದರ ಅರ್ಧಕ್ಕೂ ಕಮ್ಮಿಗೆ ಸಿಗುತ್ತೆ.”

“ಸಿಗುತ್ತೆ. ಜೀವಕ್ಕಿಂತ ದುಡ್ಡು ದೊಡ್ಡದಾ ಮೇಡಂ?”

“ಈ ಡೈಲಾಗು ನಿಮ್ಮ ಸ್ವಂತದ್ದಾ, ಕಂಪನಿಯವರು ಬಾಯಿಪಾಠ ಮಾಡಿಸಿದ್ದಾ?”

“ಕಂಪನಿಯದ್ದು,” ಎಂದ ಅವನು, ಮುಖದ ಒಂದು ಗೆರೆಯನ್ನೂ ಅಲುಗಿಸದೆ. “ಒರಿಜಿನಲ್.”

ಅವಳು ಪ್ಯಾಡನ್ನು ಕಸಿದುಕೊಂಡು ತಟ್ಟನೆ ತಿರುಗಿ ನಡೆದಳು. ತಿರುಗದೆ ಬೇರೆ ದಾರಿಯೇ ಇರಲಿಲ್ಲ. ತುಟಿ ಅವಳ ಮಾತು ಕೇಳದೆ ನಗಲು ಹೊರಟಿತ್ತು, ಆ ಬಿಳಿ ಅಂಗಿಗೆ ಅಷ್ಟು ಸುಲಭವಾಗಿ ನಗು ಕೊಡುವ ಇರಾದೆ ಅವಳಿಗಿರಲಿಲ್ಲ.

ಮನೆ ತಲುಪುವ ಹೊತ್ತಿಗೆ ಮನಸ್ಸಿನಲ್ಲಿ ಅವನಿಗೊಂದು ಹೆಸರು ಬಿದ್ದಿತ್ತು: ಒರಿಜಿನಲ್.

ಅವಳಿಗೂ ಒಂದು ಅಡ್ಡಹೆಸರಿತ್ತು. ಭಾವನ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವ ಅವಳನ್ನು ಕಲಿಯಲು ಬಂದವರು ಬೆನ್ನ ಹಿಂದೆ ‘ಹಂಪ್ ಮೇಡಂ’ ಎನ್ನುತ್ತಿದ್ದರು. ಅವಳನ್ನು ಕಂಡರೆ ಎಂಥವರ ವೇಗವೂ ತಾನಾಗಿ ಇಳಿಯುತ್ತಿತ್ತು. ಅವಳು ಕೂರುವ ಪಕ್ಕದ ಸೀಟಿನ ಮುಂದೆ ಇನ್ನೊಂದು ಬ್ರೇಕ್ ಪೆಡಲು, ಅದರ ಮೇಲೆ ಸದಾ ಅವಳ ಬಲಗಾಲು. ಅವಳ ಅಭಿಪ್ರಾಯದಲ್ಲಿ ಊರಿನ ಅರ್ಧ ಜನ ಇನ್ನೂ ಬದುಕಿರುವುದು ಆ ಕಾಲಿನಿಂದ.

ಮದುವೆಯಾಗಿರಲಿಲ್ಲ. ಒಮ್ಮೆ ಬ್ಯಾಂಕಿನವನೊಬ್ಬ ನೋಡಲು ಬಂದು, ಮದುವೆಯಾದ ಮೇಲೆ ಈ ಡ್ರೈವರ್ ಕೆಲಸ ಬಿಡ್ತೀರಲ್ವಾ ಎಂದು ಕೇಳಿದ್ದ. ಹೋಗುವಾಗ ತನ್ನ ಕಾರನ್ನು ಗೇಟಿನಿಂದ ಹಿಂದಕ್ಕೆ ತೆಗೆಯಲಾಗದೆ ಕಂಬಕ್ಕೆ ಉದ್ದಕ್ಕೂ ಉಜ್ಜಿದ. ಅವಳು ಮೆಟ್ಟಿಲ ಮೇಲೆ ನಿಂತು ಪೂರ್ತಿ ನೋಡಿದಳು, ಸಹಾಯಕ್ಕೆ ಇಳಿಯಲಿಲ್ಲ. ಸಂಬಂಧ ಅಲ್ಲಿಗೇ ಮುಗಿಯಿತು. ಪ್ರೀತಿಯ ವಿಷಯದಲ್ಲೂ ಅವಳಿಗೆ ದೊಡ್ಡ ಮರ್ಯಾದೆಯೇನಿರಲಿಲ್ಲ. ಕ್ಲಚ್ಚು ತುಳಿದುಕೊಂಡೇ ಆಕ್ಸಿಲರೇಟರ್ ಒತ್ತಿದ ಹಾಗೆ ಅದು, ಸದ್ದು ಬೀದಿಗೆಲ್ಲ, ಗಾಡಿ ನಿಂತಲ್ಲೇ.

ಸ್ಕೂಲಿನ ಆಫೀಸು ಕೆಳಗೆ, ಮನೆ ಮೇಲೆ. ಭಾವ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪೇಪರಿನ ಪೊಟ್ಟಣವೊಂದನ್ನು ಬಿಚ್ಚಿ ಕೂತಿದ್ದ. ಒಳಗೆ ಬ್ರೇಕ್ ಪ್ಯಾಡುಗಳು. ಗೆದ್ದ ಟ್ರೋಫಿ ತೋರಿಸುವಂತೆ ಒಂದನ್ನು ಎತ್ತಿ ತೋರಿಸಿದ.

“ಒಂದು ಸೆಟ್ ಕೇಳಿದ್ರೆ ಎರಡು ಕೊಟ್ಟ. ನನ್ನ ಮುಖ ನೋಡಿ.”

“ಯಾವ ಕಂಪನೀದು?” ಎಂದು ಕೇಳಿದಳು.

“ಬ್ರೇಕಿಗೆ ಯಾಕಮ್ಮ ಕಂಪನಿ? ಒತ್ತಿದ್ರೆ ನಿಲ್ಲಬೇಕು, ಅಷ್ಟೇ ತಾನೆ. ಒರಿಜಿನಲ್ ಅನ್ನೋದೆಲ್ಲ ಡಬ್ಬಿಗೆ ಕೊಡೋ ದುಡ್ಡು.”

“ಭಾವ, ಸುಮ್ನೆ ಸಿಕ್ಕಿದ್ದಕ್ಕೆಲ್ಲ ಕಾರಣ ಇರುತ್ತೆ.”

ಭಾವ ಅಕ್ಕನ ಕಡೆ ತಿರುಗಿ ನಕ್ಕ. “ನಿನ್ನ ತಂಗಿಗೇನು, ಗಂಡನಾ ಮಕ್ಕಳಾ? ಖರ್ಚು ಅಂದ್ರೆ ಏನು ಅಂತ ಹೇಗೆ ಗೊತ್ತಾಗ್ಬೇಕು?”

ತಮಾಷೆಯೆಂದು ಆಡಿದ ಮಾತು, ಆದ್ದರಿಂದ ನಗುವ ಕೆಲಸವನ್ನೂ ಅವನೇ ಮಾಡಿ ಮುಗಿಸಿದ. ಅಕ್ಕ ಟೀ ಸೋಸುತ್ತಾ ಸುಮ್ಮನಿದ್ದಳು. ಆ ಮನೆಯಲ್ಲಿ ಸುಮ್ಮನಿರುವುದು ಅಕ್ಕನ ಪಾಲಿನ ಕೆಲಸವಾಗಿತ್ತು. ತಂಗಿಗೆ ಭಾವನಿಗಿಂತ ಅಕ್ಕನ ಮೌನದ ಮೇಲೇ ಹೆಚ್ಚು ಸಿಟ್ಟು.

ಪ್ಯಾಡುಗಳು ಕಾರಿಗೆ ಕೂತವು. ಮಾರನೆಯ ದಿನದಿಂದ ಕಾರು ಎಲ್ಲಿ ನಿಂತರೂ ಕೀರಲು ದನಿಯಲ್ಲಿ ಕಿರುಚತೊಡಗಿತು.

ಮುಂದಿನ ವಾರ ಒರಿಜಿನಲ್ ಡ್ರೈವಿಂಗ್ ಸ್ಕೂಲಿನ ಬಾಗಿಲಲ್ಲಿ ನಿಂತಿದ್ದ. ಅದೇ ಬಿಳಿ ಅಂಗಿ, ಅಥವಾ ಅದರ ತಮ್ಮ.

“ಪ್ಯಾಡ್ ಬೇಡ,” ಎಂದಳು ಅವಳು ತಲೆ ಎತ್ತದೆ.

“ಮಾರೋಕೆ ಬಂದಿಲ್ಲ. ಕಲಿಯೋಕೆ ಬಂದೆ.”

ಅವಳು ಈಗ ತಲೆ ಎತ್ತಿದಳು. “ಏನು ಕಲಿಯೋಕೆ?”

“ಕಾರು.”

“ಕಾರಿನ ಅಂಗಡೀಲಿ ಕೆಲಸ ಮಾಡೋರಿಗೆ ಕಾರು ಓಡಿಸೋಕೆ ಬರಲ್ವಾ?”

“ಅದರ ಪ್ರತಿಯೊಂದು ತುಂಡೂ ಗೊತ್ತು. ತುಂಡುಗಳೆಲ್ಲ ಸೇರಿ ಓಡಿದ್ರೆ ಏನಾಗುತ್ತೆ ಅಂತ ಮಾತ್ರ ಗೊತ್ತಿಲ್ಲ.”

ನಾಟಕ ಎಂದುಕೊಂಡಳು ಅವಳು. ಪಕ್ಕದ ಸೀಟಿನಲ್ಲಿ ಕೂರುವ ಹೆಂಗಸಿಗಾಗಿ ಕಲಿಯುವ ನಾಟಕ ಆಡಿದವರನ್ನು ಅವಳು ಮೊದಲೂ ಕಂಡಿದ್ದಳು, ಅಂಥವರನ್ನು ಸಂತೆಯ ಬೀದಿಯಲ್ಲಿ ರಿವರ್ಸ್ ಹಾಕಿಸಿ ಅಳಿಸಿ ಕಳಿಸಿದ್ದಳು. ಇವನನ್ನೂ ಹಾಗೇ ಮಾಡುವುದೆಂದು ಕೂರಿಸಿಕೊಂಡು ಹೊರಟಳು.

ನಾಟಕವಾಗಿದ್ದರೆ ಚೆನ್ನಾಗಿರುತ್ತಿತ್ತು. ಅವನಿಗೆ ನಿಜಕ್ಕೂ ಏನೂ ಬರುತ್ತಿರಲಿಲ್ಲ. ಕ್ಲಚ್ಚನ್ನು ಬಿಸಿ ಪಾತ್ರೆಯಂತೆ ಬಿಟ್ಟುಬಿಡುತ್ತಿದ್ದ. ಕಾರು ಮೊಲದಂತೆ ನೆಗೆದು ಆರುತ್ತಿತ್ತು. ಸ್ಟೀರಿಂಗನ್ನು ಹಿಡಿದ ಬಗೆ ನೋಡಿದರೆ ಯಾರೋ ಅದನ್ನು ಕಿತ್ತುಕೊಂಡು ಓಡುತ್ತಾರೆ ಎಂದು ಹೆದರಿದವನಂತಿದ್ದ.

“ಇಷ್ಟು ಕೆಟ್ಟದಾಗಿ ಓಡಿಸೋರನ್ನ ನಾನು ನೋಡೇ ಇಲ್ಲ,” ಎಂದಳು.

“ಇಷ್ಟು ಕೆಟ್ಟ ಬ್ರೇಕಿನ ಸದ್ದು ನಾನೂ ಕೇಳೇ ಇಲ್ಲ.”

“ಸದ್ದು ಬಂದ್ರೂ ನಿಲ್ಲುತ್ತೆ. ಒರಿಜಿನಲ್ ಅನ್ನೋದೆಲ್ಲ ಡಬ್ಬಿಗೆ ಕೊಡೋ ದುಡ್ಡು ಅಂತಾರೆ ನಮ್ಮ ಭಾವ.”

“ಈಗ ನಿಲ್ಲುತ್ತೆ. ಬಿಸಿ ಆದ್ಮೇಲೆ ಕೇಳಿ ನೋಡಿ.”

“ಗಿರಾಕಿ ಹಿಡಿಯೋಕೆ ಕಾರೊಳಗೇ ಬಂದು ಕೂತಿದ್ದೀರಲ್ಲ, ಕಂಪನಿಯವರು ಬಹುಮಾನ ಕೊಡ್ತಾರಾ?”

“ಇಲ್ಲಿಯವರೆಗೆ ಬೈಗುಳ ಮಾತ್ರ ಸಿಕ್ಕಿದೆ. ಅದನ್ನ ಇಟ್ಕೊಳ್ತಾ ಇದೀನಿ.”

ಹೀಗೇ ನಡೆಯಿತು. ಬೆಳಗಿನ ಬ್ಯಾಚಿನ ಕೊನೆಯವನು ಅವನು. ಅವಳು ಬೈಯುತ್ತಿದ್ದಳು, ಅವನು ಬೈಗುಳಕ್ಕೆ ಬೈಗುಳ ಎಂದು ಅನ್ನಿಸದಂಥ ಉತ್ತರ ಕೊಡುತ್ತಿದ್ದ. ಅವಳ ಜಡೆ, ಅವಳ ಬಿಸಿಲಿನ ಕನ್ನಡಕ, ಅವಳ ಸಿಟ್ಟು, ಎಲ್ಲವನ್ನೂ ಅವನು ಹಿಂಬದಿಯ ಕನ್ನಡಿಯಲ್ಲಿ ತುಣುಕು ತುಣುಕಾಗಿ ಕದ್ದು ನೋಡುತ್ತಿದ್ದುದು ಅವಳಿಗೆ ಗೊತ್ತಾಗುತ್ತಿತ್ತು. ಗೊತ್ತಾಗುತ್ತಿತ್ತು, ಏಕೆಂದರೆ ಅವಳ ಬದಿಗೂ ಒಂದು ಕನ್ನಡಿಯಿತ್ತು, ಅವಳೂ ಅದರಲ್ಲಿ ರಸ್ತೆಯನ್ನಷ್ಟೇ ನೋಡುತ್ತಿರಲಿಲ್ಲ. ಅವನ ಕಿವಿಯ ಹಿಂದೆ, ಕೂದಲು ಮುಗಿಯುವಲ್ಲಿ, ಅಚ್ಚುಕಟ್ಟಾದ ಆ ಮನುಷ್ಯನಲ್ಲಿ ಅಚ್ಚುಕಟ್ಟಲ್ಲದ ಒಂದೇ ಒಂದು ಸುರುಳಿಯಿತ್ತು. ಅದು ಅವಳಿಗೆ ವಿನಾಕಾರಣ ಕಿರಿಕಿರಿ ಮಾಡುತ್ತಿತ್ತು.

“ಕನ್ನಡಿ ಇರೋದು ಹಿಂದೆ ಬರೋ ಗಾಡಿ ನೋಡೋಕೆ.”

“ಹಿಂದೆ ಯಾವ ಗಾಡೀನೂ ಇಲ್ಲ.”

“ಹಾಗಾದ್ರೆ ಮುಂದೆ ನೋಡಿ.”

“ಮುಂದೆ ಹಂಪ್ ಇದೆ,” ಎಂದ ಅವನು ಗಂಭೀರವಾಗಿ.

ರಸ್ತೆಯಲ್ಲಿ ಹಂಪ್ ಇರಲಿಲ್ಲ. ತನ್ನ ಅಡ್ಡಹೆಸರು ಇವನವರೆಗೂ ಹೋಗಿದೆ ಎಂದು ಅವಳಿಗೆ ಗೊತ್ತಾದದ್ದು ಆಗ. ಅವನ ಬದಿಗೆ ತಿರುಗದೆ, ಕಿಟಕಿಗೆ ಮುಖ ಮಾಡಿ ಅವಳು ಕೆನ್ನೆಯ ಒಳಭಾಗವನ್ನು ಕಚ್ಚಿಕೊಂಡಳು.

ನೀರಿನ ಟ್ಯಾಂಕಿನಿಂದ ಕೆಳಗಿಳಿಯುವ ರಸ್ತೆ ಉದ್ದವಾಗಿಯೂ ಕಡಿದಾಗಿಯೂ ಇತ್ತು. ಇಳಿಜಾರಿನಲ್ಲಿ ನಿಲ್ಲಿಸಿ ಹೊರಡುವುದನ್ನು ಕಲಿಸಲು ಅವಳು ಎಲ್ಲರನ್ನೂ ಅಲ್ಲಿಗೇ ಕರೆತರುತ್ತಿದ್ದಳು. ಒಂದು ದಿನ ಅವನಿಗಿಂತ ಮೊದಲಿನ ಮೂವರೂ ಅಲ್ಲೇ ಅಭ್ಯಾಸ ಮಾಡಿದ್ದರು. ಅವನ ಸರದಿ ಬಂದಾಗ ಚಕ್ರದ ಕಡೆಯಿಂದ ಸುಟ್ಟ ವಾಸನೆ ಬರುತ್ತಿತ್ತು. ಅವನು ಮೂಗರಳಿಸಿದ. ಅವಳು ಅದನ್ನೂ ಕಿವಿಯ ಮೇಲೆ ಹಾಕಿಕೊಳ್ಳದ ಮಾತುಗಳ ಲೆಕ್ಕಕ್ಕೆ ಸೇರಿಸಿದಳು.

ಅರ್ಧ ಇಳಿದಿದ್ದರು. “ಬ್ರೇಕ್,” ಎಂದಳು.

ಕಾರು ನಿಲ್ಲಲಿಲ್ಲ.

“ಬ್ರೇಕ್ ಅಂದೆ.”

ಅವಳ ಕಾಲೂ ತನ್ನ ಪೆಡಲನ್ನು ತುಳಿದಿತ್ತು. ಪೆಡಲು ಕಲ್ಲಿನಂತೆ ಗಟ್ಟಿಯಾಗಿತ್ತು, ಕಾಲಿನ ಕೆಳಗೆ ಸರಿಯಾಗೇ ಇತ್ತು, ಆದರೆ ಕಾರು ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಇಳಿಯುತ್ತಲೇ ಇತ್ತು. ಕೆಳಗೆ ತಿರುವು, ತಿರುವಿನಲ್ಲಿ ಗಿಡದಂಗಡಿ, ಅಂಗಡಿಯ ಮುಂದೆ ಪೇರಿಸಿದ ಗೊಬ್ಬರದ ಮೂಟೆಗಳು.

ಅವಳು ಗೇರು ಇಳಿಸಿದಳು. ಹ್ಯಾಂಡ್‌ಬ್ರೇಕನ್ನು ತುಸು ತುಸುವೇ ಎಳೆದಳು. ಸ್ಟೀರಿಂಗನ್ನು ಪಕ್ಕದಿಂದಲೇ ಹಿಡಿದು ಮೂಟೆಗಳ ಕಡೆ ತಿರುಗಿಸಿದಳು. ಡಬ್ ಎಂದು ಸದ್ದಾಗಿ, ಕಾರು ಮೂತಿಯನ್ನು ಗೊಬ್ಬರದಲ್ಲಿ ಹುದುಗಿಸಿಕೊಂಡು ನಿಂತಿತು.

ಸದ್ದಡಗಿದ ಮೇಲೆ ಅವಳು ನೋಡಿದಳು: ತನ್ನ ಎಡಗೈ ಸ್ಟೀರಿಂಗ್ ಮೇಲಿತ್ತು, ಬಲಗೈ ಮಾತ್ರ ಯಾವಾಗಲೋ ಅವನ ಎದೆಗೆ ಅಡ್ಡವಾಗಿ ಹೋಗಿ, ಅವನನ್ನು ಸೀಟಿಗೆ ಒತ್ತಿ ಹಿಡಿದಿತ್ತು. ಅಂಗೈ ಕೆಳಗೆ ಅವನ ಎದೆ ಬಡಿದುಕೊಳ್ಳುತ್ತಿತ್ತು. ಕೈ ತೆಗೆಯಬೇಕಿತ್ತು. ತೆಗೆಯಲಿಲ್ಲ.

“ನಾನು ಬ್ರೇಕ್ ಒತ್ತಿದ್ದೆ,” ಎಂದ ಅವನು ಮೆಲ್ಲಗೆ.

“ಗೊತ್ತು. ನಾನೂ ಒತ್ತಿದ್ದೆ.”

ಅಷ್ಟು ದಿನದಲ್ಲಿ ಅವನು ಮಾಡಿದ್ದು ಸರಿ ಎಂದು ಅವಳು ಒಪ್ಪಿದ್ದು ಅದೇ ಮೊದಲು. ಅವನಿಗೆ ಅದು ಎದೆಗಿಳಿಯಿತು, ಅವಳ ಅಂಗೈಗೇ ಗೊತ್ತಾಯಿತು. ಆಗ ಕೈ ತೆಗೆದಳು.

ಗಿಡದಂಗಡಿಯಾಕೆ ನೀರಿನ ಪೈಪು ಹಿಡಿದುಕೊಂಡೇ ಬಂದು ಕಾರನ್ನೂ ಮೂಟೆಯನ್ನೂ ನೋಡಿದಳು. “ಹರಿದ ಮೂಟೆ ನೀವೇ ತಗೊಂಡು ಹೋಗ್ಬೇಕು,” ಎಂದಷ್ಟೇ ಹೇಳಿ ಮತ್ತೆ ಗಿಡಗಳ ಕಡೆ ಹೋದಳು.

ಪ್ಯಾಡು ತಣಿದ ಮೇಲೆ ಮೆಲ್ಲಗೆ ಮನೆಗೆ ತಂದ ಕಾರಿನ ಮೂತಿಯನ್ನು ಭಾವ ಸುತ್ತು ಹಾಕಿ ನೋಡಿದ. ಮಗುವಿಗೆ ಪೆಟ್ಟಾಗಿದ್ದರೂ ಅಷ್ಟು ಸುತ್ತುತ್ತಿರಲಿಲ್ಲ.

“ಬ್ರೇಕ್ ಹಿಡೀಲಿಲ್ಲ ಭಾವ.”

“ಬ್ರೇಕ್ ಹಿಡಿಯುತ್ತೆ. ಮಾತಾಡ್ಕೊಂಡು ಕೂತ್ರೆ ಹೇಗೆ ಹಿಡಿಯುತ್ತೆ? ಆ ಬಿಳಿ ಅಂಗಿಯವನ ಜೊತೆ ನೀನು ಹಲ್ಲು ಕಿರಿಯೋದು ಇಡೀ ರಸ್ತೆ ನೋಡಿದೆ.”

ಹಲ್ಲು ಕಿರಿಯುವುದು. ಅವಳಿಗೆ ಮೈಯೆಲ್ಲ ಬಿಸಿಯಾಯಿತು, ನಾಚಿಕೆಯಿಂದಲ್ಲ. ಈ ಮನುಷ್ಯನ ಸ್ಕೂಲನ್ನು ಅವಳು ಬೆಳಿಗ್ಗೆಯಿಂದ ಸಂಜೆಯವರೆಗೆ ಕಾಲಿನಲ್ಲಿ ಎತ್ತಿ ಹಿಡಿದಿದ್ದಳು. ಅವನು ಟೇಬಲ್ಲಿನ ಹಿಂದೆ ಕೂತು ಬೆನ್ನು ತಟ್ಟಿಕೊಂಡಿದ್ದ, ತನ್ನದೇ ಬೆನ್ನನ್ನು.

ಅವಳು ಕೀ ತೆಗೆದು ಅವನ ಮುಂದೆ ಹಿಡಿದಳು.

“ಸರಿ. ನಾನು ಮಾತಾಡಿದ್ದಕ್ಕೇ ಹಿಡೀಲಿಲ್ಲ ಅನ್ನೋಣ. ಟ್ಯಾಂಕ್ ರಸ್ತೆ ಮೇಲಿಂದ ನೀವೇ ಇಳಿಸ್ಕೊಂಡು ಬನ್ನಿ. ಮೂರು ಸಲ ಹತ್ತಿ, ಮೂರು ಸಲ ಇಳೀರಿ. ಆಮೇಲೆ ನಾನು ಇದರಲ್ಲಿ ಕೂತ್ಕೊಳ್ತೀನಿ. ಅಲ್ಲಿವರೆಗೂ ಇದರೊಳಗೆ ಯಾರ ಮನೆಯವರನ್ನೂ ಕೂರಿಸಲ್ಲ.”

“ಕೂರಿಸದಿದ್ರೆ ಬಿಡು. ಬೇರೆ ಟೀಚರ್ ಸಿಗ್ತಾರೆ.”

“ಸಿಗ್ತಾರೆ. ಪೇಪರಲ್ಲಿ ಸುತ್ತಿ ಕೊಡ್ತಾರೆ, ಒಂದು ಕೇಳಿದ್ರೆ ಎರಡು.”

ಭಾವನ ಮುಖ ಕೆಂಪಾಯಿತು. ಅವನು ಕೀ ಕಸಿದುಕೊಂಡು ಡ್ರೈವರ್ ಸೀಟಿನಲ್ಲಿ ಕೂತ. ಬಾಗಿಲನ್ನು ಧಡ್ಡೆಂದು ಹಾಕಿದ.

ಆಗ ಯಾರೂ ನೆನೆಸದ ಕೆಲಸವೊಂದು ನಡೆಯಿತು. ಮೆಟ್ಟಿಲ ಮೇಲೆ ನಿಂತಿದ್ದ ಅಕ್ಕ ಇಳಿದು ಬಂದು, ಆಚೆ ಬದಿಯ ಬಾಗಿಲು ತೆರೆದು, ಗಂಡನ ಪಕ್ಕದಲ್ಲಿ ಕೂತಳು. ಸೀಟ್ ಬೆಲ್ಟ್ ಎಳೆದು ಹಾಕಿಕೊಂಡಳು.

“ನೀನೆಲ್ಲಿಗೆ?” ಎಂದ ಭಾವ.

“ಬ್ರೇಕ್ ಸರಿ ಇದೆ ಅಂದ್ರಲ್ಲ. ಒಂದು ಸುತ್ತು ಹೋಗಿ ಬರೋಣ.”

ಭಾವ ಕೀ ತಿರುಗಿಸಿದ. ಇಂಜಿನ್ನು ಎದ್ದಿತು. ಅವನು ಕನ್ನಡಿ ಸರಿಮಾಡಿದ. ಸೀಟು ಹಿಂದಕ್ಕೆ ಸರಿಸಿದ, ಮುಂದಕ್ಕೆ ಸರಿಸಿದ. ಆಮೇಲೆ ಜೇಬಿನಿಂದ ಫೋನು ತೆಗೆದು, ಬಾರದ ಕರೆಯೊಂದನ್ನು ಕಿವಿಗಿಟ್ಟುಕೊಂಡು, “ಹಾಂ, ಹೇಳಿ, ಈಗಲೇ ಬರ್ಬೇಕಾ,” ಎನ್ನುತ್ತಾ ಕಾರಿನಿಂದ ಇಳಿದ.

ಅಕ್ಕ ಕೂತಲ್ಲಿಂದ ಅವನನ್ನು ನೋಡಿದಳು. ತಂಗಿಗೆ ಆ ನೋಟದ ಅರ್ಥ ಚೆನ್ನಾಗಿ ಆಯಿತು. ಜೀವಮಾನವೆಲ್ಲ ತಾನು ಜನರ ಕಡೆ ಎಸೆಯುತ್ತಾ ಬಂದ ತಾತ್ಸಾರವೆಲ್ಲ ಅದರ ಮುಂದೆ ಬರೀ ಮಕ್ಕಳಾಟದಂತೆ ಕಂಡಿತು.

ಅಕ್ಕ ಬೆಲ್ಟ್ ಬಿಚ್ಚಿದಳು. “ಒಳ್ಳೇದನ್ನೇ ತಂದು ಹಾಕಿಸು,” ಎಂದಳು ತಂಗಿಗೆ. “ನಾಳೆ ಇವರು ಏನಂತಾರೆ ಅನ್ನೋದನ್ನ ನಾನು ನೋಡ್ಕೊಳ್ತೀನಿ.”

ಕೌಂಟರಿನ ಗಾಜಿನ ಮೇಲೆ ಅವಳು ಈ ಸಲ ಕುಕ್ಕಲಿಲ್ಲ. ಸುಟ್ಟು ಹೊಳಪೇರಿದ ಪ್ಯಾಡುಗಳನ್ನು ಸದ್ದಿಲ್ಲದೆ ಇಟ್ಟಳು.

“ನಿಮ್ಮ ಒರಿಜಿನಲ್ ಕೊಡಿ. ಪ್ಯಾಡೂ ಬೇಕು, ಅದು ಕಚ್ಚಿ ಹಿಡಿಯೋ ಡಿಸ್ಕೂ ಬೇಕು. ಜೀವ ದುಡ್ಡು ಅಂತ ಭಾಷಣ ಮಾಡಬೇಡಿ, ಸುಮ್ನೆ ಕೊಡಿ.”

ಅವನ ತುಟಿಯ ಮೇಲೆ ಗಾಯದ ಸಣ್ಣ ಗುರುತಿತ್ತು. ಮೂಟೆಗೆ ಗುದ್ದಿದಾಗ ತನ್ನ ಹಲ್ಲಿಗೇ ತಾಗಿಸಿಕೊಂಡಿದ್ದ. ಅವಳು ಅದನ್ನು ನೋಡಿ, ಬೇಗನೆ ಬೇರೆ ಕಡೆ ನೋಡಿದಳು.

ಅವನು ಶೆಲ್ಫಿನ ಕಡೆ ಹೋಗಲಿಲ್ಲ. ಅಂಗೈಗಳನ್ನು ಗಾಜಿನ ಮೇಲೂರಿದ.

“ಪ್ಯಾಡ್ ನನ್ನ ಹತ್ರ ತಗೋಬೇಡಿ,” ಎಂದ.

“ಏನಂದ್ರಿ?”

“ಕಂಪನಿ ಪ್ಯಾಡ್ ಮಾಡಲ್ಲ, ಮಾಡಿಸುತ್ತೆ. ಮಾಡಿಕೊಡೋರು ಅದೇ ಮಾಲನ್ನ ತಮ್ಮ ಹೆಸರಿನ ಡಬ್ಬೀಲಿ ಹಾಕಿ ಹೊರಗೂ ಮಾರ್ತಾರೆ. ಎದುರು ರಸ್ತೇಲಿ, ಟೈರ್ ಅಂಗಡಿ ಪಕ್ಕ ಸಿಗುತ್ತೆ. ನಮ್ಮ ಡಬ್ಬಿಗೆ ಕೊಡೋ ದುಡ್ಡು ಉಳಿಯುತ್ತೆ. ನಿಮ್ಮ ಭಾವ ಹೇಳಿದ್ದು ಅರ್ಧ ನಿಜ.”

ಭಾವ ಹೇಳಿದ್ದು ಅರ್ಧವಾದರೂ ನಿಜ ಎಂಬುದು ಅವಳಿಗೆ ಕಾರು ಗುದ್ದಿದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತು. “ಹಾಗಾದ್ರೆ ಇನ್ನರ್ಧ?”

“ಇನ್ನರ್ಧ ನಿಮ್ಮ ಮುಂದೇ ಇದೆಯಲ್ಲ.” ಅವನು ಸುಟ್ಟ ಪ್ಯಾಡನ್ನು ಬೆರಳಿಂದ ತಳ್ಳಿದ. “ಹೊರಗಿನದ್ದು ಅಂದ್ರೆ ಒಂದೇ ಅಲ್ಲ. ಹೆಸರು ಹಾಕಿ ಮಾರೋರು ಇದಾರೆ, ತಪ್ಪಾದ್ರೆ ಅವರನ್ನ ಹೋಗಿ ಕೇಳ್ಬೋದು. ಹೆಸರೇ ಹಾಕದೆ ಮಾರೋರೂ ಇದಾರೆ. ಇವರನ್ನ ಎಲ್ಲಿ ಹುಡುಕ್ತೀರಿ? ಆದ್ರೆ ಡಿಸ್ಕ್ ಮಾತ್ರ ನಮ್ಮಲ್ಲೇ ತಗೊಳ್ಳಿ. ಈ ಗಾಡಿಗೆ ಹೊರಗೆ ಸಿಗೋದು ತೆಳು. ದಿನವೆಲ್ಲ ಕಲಿಯೋರು ಬ್ರೇಕ್ ತುಳಿಯೋ ಕಾರಿಗೆ ಅದು ಸಾಲಲ್ಲ.”

“ಬಂದವರಿಗೆಲ್ಲ ಹೀಗೇ ಹೇಳ್ತೀರಾ?”

“ಬಂದವರಿಗೆಲ್ಲ ಒರಿಜಿನಲ್ ಮಾತ್ರ ಅಂತೀನಿ. ಸಂಬಳ ಕೊಡೋದು ಅದಕ್ಕೇ.”

“ನಿಮ್ಮ ಮ್ಯಾನೇಜರ್ ಕೇಳಿಸ್ಕೊಂಡ್ರೆ?”

“ಕೇಳಿಸ್ಕೊಂಡ್ರು.”

ಅವಳು ತಿರುಗಿ ನೋಡಿದಳು. ಟೈ ಕಟ್ಟಿದ ಮ್ಯಾನೇಜರು ಬಾಗಿಲಲ್ಲೇ ನಿಂತಿದ್ದ, ಬಾಯಿ ಸ್ವಲ್ಪ ತೆರೆದುಕೊಂಡು. “ಆಮೇಲೆ ಒಳಗೆ ಬಂದು ನನ್ನ ನೋಡಿ,” ಎಂದು ಹೇಳಿ ಹೋದ. ಆ ದನಿಯಲ್ಲಿ ಒಳ್ಳೆಯ ಸುದ್ದಿಯೇನೂ ಇರಲಿಲ್ಲ.

ಅವಳಿಗೆ ಅವನ ಕೆಲಸದ ಚಿಂತೆ ಹತ್ತಿತು. ಅದನ್ನು ಮುಚ್ಚಲು ಇನ್ನಷ್ಟು ಒರಟಾದಳು. “ನಿಮಗೇನು ಹುಚ್ಚಾ? ಯಾಕೆ ಹೇಳಿದ್ರಿ ಇದನ್ನೆಲ್ಲ?”

“ಗಿರಾಕಿಗೆ ಮಾರ್ತೀನಿ. ನೀವು ನನಗೆ ಗಿರಾಕಿ ಅನ್ನಿಸೋದು ನಿಂತು ಸುಮಾರು ದಿನ ಆಯ್ತು.”

ಕೌಂಟರಿನ ಮೇಲಿನ ಫ್ಯಾನು ಗರಗರ ತಿರುಗುತ್ತಿತ್ತು. ಹಿಂದೆಲ್ಲೋ ಯಾರೋ ಬೋಲ್ಟುಗಳನ್ನು ಡಬ್ಬಿಗೆ ಸುರಿಯುತ್ತಿದ್ದರು.

“ಇದು ಪ್ರೀತಿನಾ, ಡಿಸ್ಕೌಂಟಾ?” ಎಂದು ಕೇಳಿದಳು.

“ಯಾವುದು ಬೇಕೋ ತಗೊಳ್ಳಿ. ಎರಡಕ್ಕೂ ಗ್ಯಾರಂಟಿ ಕಾರ್ಡ್ ಇಲ್ಲ.”

ಅವಳು ಡಿಸ್ಕಿನ ದುಡ್ಡು ಎಣಿಸಿ ಗಾಜಿನ ಮೇಲಿಟ್ಟಳು. ಡಿಸ್ಕಿನ ಡಬ್ಬಿಗಳು ಭಾರವಾಗಿದ್ದವು. ಅವನು ಕೌಂಟರ್ ಸುತ್ತಿಕೊಂಡು ಬಂದು, ಎರಡನ್ನೂ ಎದೆಗೆ ಒತ್ತಿಕೊಂಡು ಬಾಗಿಲವರೆಗೆ ಹೊತ್ತು ತಂದ. ಡಬ್ಬಿ ಇಳಿಸಿದಾಗ ಬಿಳಿ ಅಂಗಿಯ ಮೇಲೆ ಕಪ್ಪು ಎಣ್ಣೆಯ ಒಂದು ಅರ್ಧಚಂದ್ರ ಉಳಿದಿತ್ತು. ಅವನು ಅದನ್ನು ನೋಡಿಕೊಳ್ಳಲಿಲ್ಲ. ಅವಳು ನೋಡಿದಳು, ತುಂಬ ಹೊತ್ತು ನೋಡಿದಳು.

“ಹೊಸ ಪ್ಯಾಡ್ ಹಾಕಿದ ತಕ್ಷಣ ಕಲಿಯೋರನ್ನ ಕೂರಿಸಬೇಡಿ,” ಎಂದ ಅವನು. “ಡಿಸ್ಕಿಗೂ ಪ್ಯಾಡಿಗೂ ಹೊಂದಿಕೆ ಆಗಬೇಕು. ಖಾಲಿ ರಸ್ತೇಲಿ ವೇಗ ತಗೊಂಡು, ನಿಧಾನ ಮಾಡಿ, ಮತ್ತೆ ವೇಗ ತಗೊಂಡು, ಹಾಗೆ.”

“ನನಗೆ ಬ್ರೇಕ್ ಒತ್ತೋದು ಹೇಳಿಕೊಡ್ತೀರಾ?”

“ಇಲ್ಲ. ಪಕ್ಕದಲ್ಲಿ ಕೂತ್ಕೊಳ್ಳೋಕೆ ಜಾಗ ಇದೆಯಾ ಅಂತ ಕೇಳ್ತಾ ಇದೀನಿ.”

ಅವಳು ಡಬ್ಬಿಗಳನ್ನು ಹೊರಗೆ ನಿಂತಿದ್ದ ಆಟೋದಲ್ಲಿಟ್ಟಳು. “ಭಾನುವಾರ ಬೆಳಿಗ್ಗೆ. ತಡ ಮಾಡಿದ್ರೆ ಕಾಯಲ್ಲ.”

ಭಾನುವಾರ ಅವನು ಅವಳಿಗಿಂತ ಮೊದಲೇ ಬಂದು ಬೀದಿಯ ತುದಿಯಲ್ಲಿ ನಿಂತಿದ್ದ. ಕೆಲಸ ಹೋಗಿರಲಿಲ್ಲ. ಕೌಂಟರಿನಿಂದ ತೆಗೆದು ಹಿಂದಿನ ಗೋಡೌನಿಗೆ ಹಾಕಿದ್ದರು.

“ಅಲ್ಲಿ ಮಾತಾಡೋಕೆ ಗಿರಾಕಿಗಳಿಲ್ಲ,” ಎಂದ ಅವನು ಬೆಲ್ಟ್ ಹಾಕಿಕೊಳ್ಳುತ್ತಾ. “ಅವರಿಗೂ ಕ್ಷೇಮ, ನನಗೂ ಕ್ಷೇಮ.”

ಊರಾಚೆ ಗೋಡೌನುಗಳ ನಡುವಿನ ರಸ್ತೆ ನೇರವಾಗಿ, ಖಾಲಿಯಾಗಿ ಬಿದ್ದುಕೊಂಡಿತ್ತು. ಅವಳು ವೇಗ ಏರಿಸಿದಳು, ಮೆಲ್ಲಗೆ ಬ್ರೇಕ್ ಒತ್ತಿದಳು, ಪೂರ್ತಿ ನಿಲ್ಲಿಸದೆ ಬಿಟ್ಟಳು, ಮತ್ತೆ ಏರಿಸಿದಳು. ಕಿರುಚಾಟವಿರಲಿಲ್ಲ. ಕಾರು ಹೇಳಿದ ಮಾತು ಕೇಳುತ್ತಿತ್ತು. ಇಷ್ಟು ದಿನ ಎಂಥದ್ದನ್ನು ಬ್ರೇಕೆಂದು ನಂಬಿಕೊಂಡು ಕೂತಿದ್ದೆ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

“ನಾನು ಒಂದು ಮಾತು,” ಎಂದು ಅವನು ಶುರು ಮಾಡಿದ.

ಅವಳು ಬ್ರೇಕ್ ಒತ್ತಿದಳು. ಅವನು ಮುಂದಕ್ಕೆ ವಾಲಿ ಮತ್ತೆ ಹಿಂದಕ್ಕೆ ಕೂತ.

“ಹೇಳಿ.”

“ಆವತ್ತು ಕೌಂಟರಲ್ಲಿ ನೀವು ಬೈದದ್ದು ಅರ್ಧಕ್ಕೇ…”

ಮತ್ತೆ ಬ್ರೇಕ್.

“ಕೇಳಿಸ್ತಾ ಇದೆ. ಹೇಳಿ.”

“ಬೇಕಂತಾನೇ ಒತ್ತುತ್ತಿದ್ದೀರಿ.”

“ಪ್ಯಾಡಿಗೆ ಹೊಂದಿಕೆ ಆಗಬೇಕು ಅಂತ ನೀವೇ ಹೇಳಿದ್ರಿ.”

ಹಾಗೆ ರಸ್ತೆ ಮುಗಿಯುವವರೆಗೂ ಅವನಿಗೆ ಒಂದು ವಾಕ್ಯವನ್ನೂ ಮುಗಿಸಲಾಗಲಿಲ್ಲ. ಕೊನೆಗೆ ಅವಳು ಕಾರನ್ನು ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿದಳು. ಡಿಸ್ಕು ತಣ್ಣಗಾಗುವವರೆಗೆ ಕಾಯಬೇಕಿತ್ತು. ಕಬ್ಬಿಣ ತಣಿಯುವ ಟಿಕ್ ಟಿಕ್ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಈಗ ಅಡ್ಡ ಮಾಡಲು ಅವಳ ಬಳಿ ಬ್ರೇಕೂ ಇರಲಿಲ್ಲ.

“ಆವತ್ತು ನೀವು ಬೈದದ್ದು ಅರ್ಧಕ್ಕೇ ನಿಂತಿತ್ತು,” ಎಂದ ಅವನು. “ಉಳಿದದ್ದು ಕೇಳೋಣ ಅಂತ ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಇನ್ನೂ ಮುಗಿದಿಲ್ಲ. ಮುಗಿಯೋದು ನನಗೆ ಬೇಡ.”

ಅವಳು ಸ್ಟೀರಿಂಗಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದಳು. ಧೂಳಿರಲಿಲ್ಲ.

“ನನ್ನ ಜೊತೆ ಇರೋದು ಸುಲಭ ಅಲ್ಲ. ಯಾರು ಕಾರು ಓಡಿಸಿದ್ರೂ ನನಗೆ ಸರಿ ಅನ್ಸಲ್ಲ.”

“ಕಾರು ಮಾತ್ರಾನಾ?”

“ಯಾರು ಏನು ಮಾಡಿದ್ರೂ.”

“ಅದನ್ನ ನೋಡಿದ್ದೀನಿ. ಹತ್ತಿರದಿಂದ.”

“ನನ್ನನ್ನ ರಿಪೇರಿ ಮಾಡ್ತೀನಿ ಅಂತ ಏನಾದ್ರೂ ಹೊರಟ್ರೆ ಈಗಲೇ ಇಳೀರಿ.”

“ರಿಪೇರಿ ನನ್ನ ಕೆಲಸ ಅಲ್ಲ. ಅದು ಗ್ಯಾರೇಜಿನವರದ್ದು. ನನಗೆ ನೀವು ಒರಿ…”

“ಆ ಪದ ಬಾಯಿಂದ ಬಂದ್ರೆ ಇಲ್ಲೇ ಬಿಟ್ಟು ಹೋಗ್ತೀನಿ.”

ಅವನು ಬಾಯಿ ಮುಚ್ಚಿಕೊಂಡ. ಆದರೆ ಕಣ್ಣು ಮುಚ್ಚಿಕೊಳ್ಳಲಿಲ್ಲ, ಕಣ್ಣು ಆ ಪದವನ್ನೇ ಹೇಳುತ್ತಿತ್ತು. ಈಗ ನಡುವೆ ಕನ್ನಡಿಯೂ ಇರಲಿಲ್ಲ. ಅವಳು ಮೊದಲ ಸಲ ಅವನನ್ನು ತುಣುಕು ತುಣುಕಾಗಿ ಅಲ್ಲದೆ ಇಡಿಯಾಗಿ ನೋಡಿದಳು. ಆರಿದ ತುಟಿಯ ಗಾಯ, ಕಿವಿಯ ಹಿಂದಿನ ಹಟಮಾರಿ ಸುರುಳಿ. ಕೈ ತಾನಾಗಿ ಹೋಗಿ ಆ ಸುರುಳಿಯನ್ನು ಒತ್ತಿ ಕೂರಿಸಿತು. ಬೆರಳು ತೆಗೆದ ಕೂಡಲೇ ಅದು ಮತ್ತೆ ಎದ್ದು ನಿಂತಿತು.

“ನಿಮ್ಮನ್ನ ಕಂಡ್ರೆ ನನಗೆ ಮೈ ಉರಿಯುತ್ತೆ,” ಎಂದಳು. ದನಿ ಅಷ್ಟು ಸಣ್ಣದಾಗಿ ಬಂದದ್ದು ಅವಳಿಗೇ ಆಶ್ಚರ್ಯ. “ಬೇರೆ ಯಾರನ್ನ ಕಂಡ್ರೂ ಅದೂ ಆಗಲ್ಲ.”

ಅವನಿಗೆ ಅರ್ಥವಾಯಿತು. ಅರ್ಥವಾಗದಿದ್ದರೆ ಅವಳು ಬಿಡಿಸಿ ಹೇಳುತ್ತಿರಲಿಲ್ಲ, ಅದು ಅವನಿಗೂ ಗೊತ್ತಿತ್ತು. ಸುರುಳಿಯ ಬಳಿ ಇನ್ನೂ ಇದ್ದ ಅವಳ ಕೈಯನ್ನು ಹಿಡಿದು, ತನ್ನ ಕೆನ್ನೆಗೆ ಒತ್ತಿಕೊಂಡ. ಸ್ಟೀರಿಂಗ್ ಹಿಡಿದು ಹಿಡಿದು ಗಟ್ಟಿಯಾದ ಅಂಗೈ ಅದು. ಅಂಥ ಅಂಗೈಯನ್ನು ಯಾರಾದರೂ ಕೆನ್ನೆಗೆ ಇಟ್ಟುಕೊಳ್ಳಬಹುದೆಂದು ಅವಳಿಗೆ ಹೊಳೆದಿರಲಿಲ್ಲ.

“ಮನೆಗೆ ಬಂದು ಅಕ್ಕನ ಹತ್ರ ಕೇಳ್ಬೇಕಾ?” ಎಂದ.

“ಅಕ್ಕನ ಹತ್ರ ಕೇಳಿ. ಭಾವನಿಗೆ ಬರೀ ಹೇಳಿದ್ರೆ ಸಾಕು.” ಅವಳು ಬಾಗಿಲು ತೆರೆದು ಇಳಿದಳು. “ಈ ಕಡೆ ಬನ್ನಿ. ವಾಪಸ್ ಹೋಗುವಾಗ ನೀವು ಓಡಿಸಿ.”

ಅವನು ಓಡಿಸಿದ. ಕ್ಲಚ್ಚನ್ನು ಈ ಸಲ ಪೂರ್ತಿ ಕೆಡಿಸಲಿಲ್ಲ. ಎದುರಿನಿಂದ ಹಾಲಿನ ವ್ಯಾನೊಂದು ಬಂದಾಗ ತಾನಾಗಿಯೇ ಬ್ರೇಕ್ ಒತ್ತಿ, ಬದಿಗೆ ಸರಿದು, ದಾರಿ ಬಿಟ್ಟ. ಅವಳ ಕಾಲು ಅಭ್ಯಾಸದಂತೆ ಪೆಡಲಿನ ಮೇಲೆ ಹೋಗಿತ್ತು, ಒತ್ತುವ ಕೆಲಸ ಬೀಳಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅವಳು ಆ ಕಾಲನ್ನು ಹಿಂದಕ್ಕೆ ಎಳೆದು ಸುಮ್ಮನೆ ಇಟ್ಟುಕೊಂಡಳು.

ಆಗ ಅವಳಿಗೆ ಕಿಟಕಿಯಾಚೆ ನೋಡಲು ಪುರುಸೊತ್ತಾಯಿತು. ಗೋಡೌನಿನ ಬೇಲಿಯ ಹಿಂದೆ ನೀರಿನ ಹೊಳಪು ಕಂಡಿತು.

“ಇಲ್ಲೊಂದು ಕೊಳ ಇದೆ,” ಎಂದಳು.

“ಯಾವಾಗಿಂದ?”

“ಗೊತ್ತಿಲ್ಲ. ಈ ರಸ್ತೇಲಿ ಎಷ್ಟು ಸಲ ಬಂದಿದ್ದೀನೋ, ಈ ಕಡೆ ನಾನು ನೋಡೇ ಇಲ್ಲ.”

“ನಾನೂ ನೋಡ್ಲಾ?”

“ನೀವು ರಸ್ತೆ ನೋಡಿ,” ಎಂದು ಗದರಿದಳು.

ಆಮೇಲೆ, ಅವನಿಗೆ ಕಾಣದ್ದನ್ನೆಲ್ಲ ಒಂದೊಂದಾಗಿ ಹೇಳತೊಡಗಿದಳು: ದಡದಲ್ಲಿ ಕಟ್ಟಿದ ದೋಣಿ, ಅದರ ತುದಿಯಲ್ಲಿ ಕೂತ ಬಿಳಿ ಹಕ್ಕಿ, ನೀರಿಗೆ ಕಾಲು ಇಳಿಬಿಟ್ಟು ಕೂತ ಇಬ್ಬರು, ಅವರು ಹೆಂಗಸರೋ ಗಂಡಸರೋ ಇಲ್ಲಿಂದ ಗೊತ್ತಾಗುವುದಿಲ್ಲ.